ಲಡ್ಲೋ ದೊರೆಗಳ ಅಳತೆಕೋಲು

ಲಡ್ಲೋ ಮನೆತನದ ಚರಿತ್ರೆಯನ್ನು ವರ್ಷಕ್ಕೊಮ್ಮೆ ಎದ್ದು ನಿಂತು ಹೇಳುವ ಕೆಲಸ ನಮ್ಮ ಕೇರಿಯವರದ್ದು. ಮೆರೆಯುವವರು ಅವರು, ಹೊಗಳುವವರು ನಾವು. ಕೆರೊಲಿನಾದ ಕರಾವಳಿಯಲ್ಲಿ ಇಂಥ ದೊಡ್ಡ ಮನೆತನಗಳಿಗೇನೂ ಬರವಿರಲಿಲ್ಲ. ಎಲ್ಲರಿಗೂ ಬಿಳಿ ಕಂಬದ ಮನೆ, ಎಲ್ಲರಿಗೂ ಹೊಳೆಯುದ್ದಕ್ಕೂ ಬತ್ತದ ಗದ್ದೆ, ಎಲ್ಲರಿಗೂ ಆ ಗದ್ದೆಗೆ ಇಳಿಸಲು ಕೊಂಡು ತಂದ ಕರಿಯ ಜನ. ಆದರೆ ಕೊಂಡು ತಂದವರ ಬಾಯಲ್ಲೇ ತಮ್ಮ ಹೆಚ್ಚುಗಾರಿಕೆ ಕೇಳಬೇಕು ಅನ್ನುವ ಖಯಾಲಿ ಇದ್ದದ್ದು ಲಡ್ಲೋಗಳಿಗೆ ಮಾತ್ರ.

ಅದಕ್ಕೊಂದು ದಿನ ಗೊತ್ತು ಮಾಡಿದ್ದರು. ಏರಿ ದಿನ ಅಂತ ಹೆಸರು. ಮೊದಲ ಲಡ್ಲೋ, ಅಂದರೆ ಜೋಸೈಯಾ ದೊರೆ, ಜೌಗಿಗೆ ಏರಿ ಕಟ್ಟಿ ಮುಗಿಸಿದ ದಿನವಂತೆ ಅದು. ಬೇಸಿಗೆಯಲ್ಲಿ, ಮೊದಲ ಕಳೆ ತೆಗೆದು ಎರಡನೆಯದಕ್ಕೆ ಕೈ ಹಾಕುವ ಮುಂಚೆ ಬರುತ್ತಿತ್ತು. ದೊಡ್ಡ ಮನೆಯ ಮುಂದಿನ ಹುಲ್ಲಿನ ಮೇಲೆ ಉದ್ದಕ್ಕೆ ಮೇಜು ಹಾಕುತ್ತಿದ್ದರು. ನೆಂಟರು, ನೆರೆಯ ದೊರೆಗಳು ಕೂತು ಹಂದಿಯ ತೊಡೆ, ಆಮೆಯ ಸಾರು ಉಣ್ಣುತ್ತಿದ್ದರು. ನಮ್ಮವರು ಬಿಸಿಲಿಗೆ ಸಾಲಾಗಿ ನಿಲ್ಲಬೇಕು. ಕೇರಿಯ ಹಿರಿಯ ಆಳು ಮುಂದೆ ಬಂದು ಟೊಪ್ಪಿಗೆ ತೆಗೆದು ಹೇಳಬೇಕು:

"ಬುದ್ಧಿಯೋರ ಹಿರೀಕ್ರು ಬರೋಕ್ ಮುಂಚೆ ಇಲ್ಲಿ ಬರೀ ಮೊಸಳೆ, ಹಾವು, ಜ್ವರ. ದೊಡ್ಡ ದೊರೆ ಕೈ ಎತ್ತುದ್ರು, ಮೊಸಳೆ ಓಡೋಯ್ತು. ಕಾಲು ಊರುದ್ರು, ನೀರು ನಿಂತೋಯ್ತು. ಒಬ್ರೇ ನಿಂತು ಏರಿ ಕಟ್ಟುದ್ರು. ನಮ್ಗೆ ಅನ್ನ ಕೊಟ್ರು, ಅಂಗಿ ಕೊಟ್ರು. ಅವ್ರಿಲ್ದಿದ್ರೆ ನಾವೆಲ್ಲಿ?"

ಆಮೇಲೆ ಎಲ್ಲರೂ ಸೇರಿ ಮೂರು ಸಲ ಜೈಕಾರ ಹಾಕಬೇಕು. ಜೈಕಾರಕ್ಕೆ ಪ್ರತಿಯಾಗಿ ಗಂಡಸರಿಗೆ ಒಂದೊಂದು ಲೋಟ ರಮ್ಮು, ಹೆಂಗಸರಿಗೆ ಒಂದೊಂದು ಲೋಟ ಕಾಕಂಬಿ ನೀರು. ಚರಿತ್ರೆ ಹೇಳಿದವರಿಗೆ ತಲೆಗೆ ಕಟ್ಟುವ ಬಣ್ಣದ ವಸ್ತ್ರ.

ಬಹಳ ಕಾಲ ಇದನ್ನು ಹೇಳುತ್ತಿದ್ದವನು ಕಡ್ಜೋ ತಾತ. ಮೇಜಿನ ಮುಂದೆ ಎಷ್ಟು ಭಕ್ತಿಯಿಂದ ಹೇಳುತ್ತಿದ್ದನೋ, ಮಾರನೆಯ ದಿನ ಬತ್ತ ಕುಟ್ಟುವ ಅಂಗಳದಲ್ಲಿ ಅದನ್ನೇ ಅಷ್ಟು ಚೆನ್ನಾಗಿ ಆಡಿಕೊಳ್ಳುತ್ತಿದ್ದ. "ಮೊಸಳೆ ಓಡಿದ್ದು ನಿಜ ಕಣ್ರಪ್ಪ. ದೊರೆ ಬೂಟ್ಸು ಬಿಚ್ಚುದ್ರು, ವಾಸ್ನೆಗೆ ಓಡೋಯ್ತು" ಅನ್ನುತ್ತಿದ್ದ. ಒನಕೆ ಹಿಡಿದ ಹೆಂಗಸರು ನಕ್ಕು ನಕ್ಕು ಒರಳಿನಿಂದಾಚೆಗೆ ಕುಟ್ಟುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮಿಂಬಾ.

ಮಿಂಬಾ ಎತ್ತರದ ಆಳು. ಗದ್ದೆಯಲ್ಲಿ ಬಗ್ಗಿದ್ದರೂ ಇವಳು ಯಾರು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಬಾಯಿ ಜೋರು, ಗುದ್ದಲಿ ಇನ್ನೂ ಜೋರು. ಅವಳ ಗಂಡ ಕ್ವಾಕೊ ಹೊಳೆಯಾಚೆಯ ಕರ್ನಲ್ ಬ್ಯಾಸ್ಕಮ್‌ನ ಆಳು. ಗಂಡ ಒಬ್ಬ ದೊರೆಯ ಸ್ವತ್ತು, ಹೆಂಡತಿ ಇನ್ನೊಬ್ಬ ದೊರೆಯ ಸ್ವತ್ತು. ಇಬ್ಬರಿಗೂ ಹುಟ್ಟಿದ ಒಬ್ಬ ಮಗನನ್ನು ಲಡ್ಲೋಗಳು ಚಾರ್ಲ್ಸ್‌ಟೌನಿಗೆ ಕಳಿಸಿ ಮಾರಿದ್ದರು. ಆ ವಿಷಯ ಮಿಂಬಾ ಎಂದೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವಳಿಗೆ ಉಳಿದಿದ್ದದ್ದು ದಿನದ ಒಂದು ಹೋಳು. ಪಾಲು ಮುಗಿದ ಮೇಲಿನ ಹೊತ್ತು.

ಪಾಲು ಅಂದರೆ ನಮ್ಮ ಹೊಳೆಯ ಕಡೆಯ ಪದ್ಧತಿ. ಬೆಳಗ್ಗೆ ಕೋಲು ಹಿಡಿದು ಗದ್ದೆ ಅಳೆದು ಆಳಿಗೆ ಇಷ್ಟು ಅಂತ ಚೌಕ ಗುರುತು ಮಾಡುತ್ತಾರೆ. ಅಷ್ಟು ಕಳೆ ತೆಗೆದೆಯಾ, ಮೇಸ್ತ್ರಿ ಬಂದು ನೋಡಿದನಾ, ಮುಗಿಯಿತು. ಆಮೇಲೆ ಯಾರೂ ನಿನ್ನನ್ನು ಕೂಗುವ ಹಾಗಿಲ್ಲ. ಎಂಥ ಕೆಟ್ಟ ದೊರೆಯೂ ಕೂಗುತ್ತಿರಲಿಲ್ಲ. ಮಿಂಬಾ ಹೊತ್ತು ನೆತ್ತಿ ದಾಟುವಷ್ಟರಲ್ಲಿ ತನ್ನ ಪಾಲು ಮುಗಿಸಿ, ತೊಡೆಯವರೆಗೆ ಮೆತ್ತಿದ ಕೆಸರು ತೊಳೆದು, ಗುಡಿಸಲ ಹಿಂದಿನ ತುಂಡು ನೆಲಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳದೇ ಬೆಂಡೆ, ಅವಳದೇ ಅಲಸಂದೆ, ಅವಳದೇ ಎಳ್ಳು, ಅವಳದೇ ಕೋಳಿ. ಅಷ್ಟು ಹೊತ್ತಿಗೆ ಕ್ವಾಕೊ ತನ್ನ ಪಾಲು ಮುಗಿಸಿ, ಮರ ಕೊರೆದು ಮಾಡಿದ ಪುಟ್ಟ ದೋಣಿಯಲ್ಲಿ ಹೊಳೆ ದಾಟಿ ಏರಿಗೆ ಬಂದು ಬಲೆ ಬೀಸುತ್ತಿದ್ದ.

"ಮೀನು ತಂದ್ಯಾ, ಬರೀ ಮೋರೆ ತಂದ್ಯಾ?" ಅಂತ ಮಿಂಬಾ ಏರಿಯ ಮೇಲಿಂದಲೇ ಕೇಳುತ್ತಿದ್ದಳು.

"ಮೋರೆ ನೋಡಿದ್ರೆ ಹೊಟ್ಟೆ ತುಂಬಲ್ವಾ ನಿಂಗೆ?"

"ತುಂಬ್ತದೆ. ಅದಕ್ಕೇ ಹಸಿವಾದಾಗ ನೋಡ್ತೀನಿ, ಮಿಕ್ಕ ಟೇಮಲ್ಲಿ ನೋಡಲ್ಲ."

ಹೀಗೆ ಹೊತ್ತು ಮುಳುಗುವವರೆಗೆ ಕಿತ್ತಾಡುತ್ತಾ, ಮೀನು ಸುಡುತ್ತಾ, ಒಬ್ಬರ ತಲೆಯ ಹೇನು ಇನ್ನೊಬ್ಬರು ತೆಗೆಯುತ್ತಾ ಇರುತ್ತಿದ್ದರು. ಲೋಕದಲ್ಲಿ ಅವರಿಗಿದ್ದ ಮನೆ ಆ ಹೊತ್ತೇ.

ಅದಕ್ಕೆ ಕಲ್ಲು ಬಿದ್ದದ್ದು ಮೊಮ್ಮಗ ಲಡ್ಲೋ ಬಂದ ಮೇಲೆ. ಎಡ್ಮಂಡ್ ಅಂತ ಹೆಸರು. ಕೇರಿಯವರು ಎದುರಿಗೆ ಬುದ್ಧಿ ಅನ್ನುತ್ತಿದ್ದರು. ನನಗೆ ಕಥೆಯಲ್ಲೂ ಅವನಿಗೆ ಬಹುವಚನ ಕೊಡುವ ದರ್ದಿಲ್ಲ. ಅಪ್ಪ ಸತ್ತ ಮೇಲೆ ಓದು ಬಿಟ್ಟು ಲಂಡನ್ನಿನಿಂದ ಬಂದ. ಬರುವಾಗ ಒಂದು ಗಾಡಿ, ಎರಡು ಬೇಟೆನಾಯಿ, ಒಂದು ಅಳತೆಕೋಲು ತಂದ. ಕೆಂಪು ಬಿಳಿ ಬಣ್ಣ ಬಳಿದ ಕೋಲು, ಎರಡು ತುದಿಗೂ ಹಿತ್ತಾಳೆಯ ಕಟ್ಟು. ಮನೆಗೆ ಹೊಸದೊಂದು ಅಂಕಣ ಕಟ್ಟಿಸುವ ಆಸೆ ಅವನಿಗೆ. ಅದಕ್ಕೆ ಬತ್ತ ಹೆಚ್ಚು ಬೇಕು. ಬತ್ತ ಹೆಚ್ಚಲು ಆಳು ಹೆಚ್ಚು ಕೊಳ್ಳಬೇಕು, ಇಲ್ಲವೇ ಇದ್ದ ಆಳಿನ ಬೆನ್ನು ಇನ್ನಷ್ಟು ಬಗ್ಗಿಸಬೇಕು. ಬೆನ್ನು ಬಗ್ಗಿಸುವುದಕ್ಕೆ ಖರ್ಚಿಲ್ಲ. ಹಳೆಯ ಕೋಲನ್ನು ಅಡುಗೆಮನೆಯ ಒಲೆಗೆ ಹಾಕಿಸಿದ.

ಹೊಸ ಕೋಲು ಹಳೆಯದಕ್ಕಿಂತ ಮೊಳದಷ್ಟು ಉದ್ದ. ಕೋಲು ಬೆಳೆದರೆ ಚೌಕ ಉದ್ದಕ್ಕೂ ಬೆಳೆಯುತ್ತದೆ, ಅಗಲಕ್ಕೂ ಬೆಳೆಯುತ್ತದೆ. ಮೊದಲ ದಿನ ಮೇಸ್ತ್ರಿ ಗ್ರಿಗ್ಸ್ ಕುದುರೆಯ ಮೇಲೆ ಕೂತು ಸಾರಿದ. ಗ್ರಿಗ್ಸ್ ಬಿಳಿಯನೇ, ಆದರೆ ದೊಡ್ಡ ಮನೆಯ ಹಿಂಬಾಗಿಲಲ್ಲಿ ಊಟ ಮಾಡುವ ಬಿಳಿಯ. ಆ ಸಿಟ್ಟನ್ನೆಲ್ಲ ಗದ್ದೆಗೆ ತರುತ್ತಿದ್ದ.

"ಮುಂಚೆ ಎಷ್ಟು ಕೋಲೋ ಈಗಲೂ ಅಷ್ಟೇ ಕೋಲು. ನಿಮ್ಮ ಪಾಲು ಒಂದು ಕೋಲೂ ಹೆಚ್ಚಿಲ್ಲ" ಅಂದ.

ಸಾಲಿನಲ್ಲಿದ್ದ ಮಿಂಬಾ ಕೇಳಿದಳು, "ಹಂಗಾರೆ ಬುದ್ಧಿ, ರಮ್ಮು ಅಳಿಯೋ ಲೋಟನೂ ಲಂಡನ್ನಿಂದ ಬಂದೈತಾ?"

ಗದ್ದೆಗೆ ಗದ್ದೆಯೇ ನಕ್ಕಿತು. ಗ್ರಿಗ್ಸನ ಮುಖ ಗಂಟಾಯಿತು. ನೀನು ಎತ್ತರ ಇದ್ದೀಯಲ್ಲ, ಕೋಲು ನೀನೇ ಹೊರು ಅಂದ. ಅವತ್ತಿನಿಂದ ಬೆಳಗ್ಗೆ ಎಲ್ಲರ ಪಾಲು ಅಳೆದು ಮುಗಿಯುವವರೆಗೆ ಆ ಕೋಲನ್ನು ನೆಟ್ಟಗೆ ಹಿಡಿದು ಕೆಸರಲ್ಲಿ ಅವನ ಕುದುರೆಯ ಹಿಂದೆ ನಡೆಯುವ ಕೆಲಸ ಮಿಂಬಾಳದ್ದಾಯಿತು. ಕೋಲಿಗೆ ಕೆಸರು ತಗಲಬಾರದು. ತಗಲಿದರೆ ತನ್ನ ಲಂಗದ ಅಂಚಿನಲ್ಲಿ ಒರೆಸಬೇಕು. ಎಲ್ಲರದನ್ನೂ ಅಳೆದ ಮೇಲೆ ಅವಳ ಪಾಲು ಶುರು, ಅದೂ ಎಲ್ಲರಿಗಿಂತ ತಡವಾಗಿ. ಕೇರಿಯವರು ಆ ಕೋಲಿಗೆ ಲಂಡನ್ ಮೇಡಮ್ಮು ಅಂತ ಹೆಸರಿಟ್ಟರು. "ಮೇಡಮ್ಮೋರ ಪಾದ ನೆನೀತು, ಒರ್ಸವ್ವ ಒರ್ಸು" ಅಂತ ಹಿಂದಿನಿಂದ ಗೇಲಿ. ಮಿಂಬಾಳೂ ನಗುತ್ತಿದ್ದಳು. ನಗದಿದ್ದರೆ ಆ ಕೋಲಿನಿಂದಲೇ ಗ್ರಿಗ್ಸನ ತಲೆಗೆ ಒಂದು ಬಿಟ್ಟಿರುತ್ತಿದ್ದಳು.

ನಗು ಬೆಳಗ್ಗೆಗೆ ಸರಿ. ಸಂಜೆಗೆ ನಗುವಿರಲಿಲ್ಲ. ಹೊತ್ತು ಮುಳುಗುತ್ತಾ ಬಂದರೂ ಚೌಕದಲ್ಲಿ ಕಳೆ ಉಳಿದಿರುತ್ತಿತ್ತು. ಸೊಂಟ ನೆಟ್ಟಗೆ ಮಾಡಿದರೆ ಮತ್ತೆ ಬಗ್ಗುವುದಿಲ್ಲ ಅನ್ನುವ ಹೆದರಿಕೆಗೆ ಬಗ್ಗಿಯೇ ಇರುತ್ತಿದ್ದರು. ಕಾಲು ಬೆರಳ ಸಂದಿಗಳು ನೀರು ತಿಂದು ಬೆಳ್ಳಗೆ ಬಿರಿದವು. ಒಂದು ಸಂಜೆ ಮಿಂಬಾಳ ಚೌಕದ ಮೂಲೆಯಲ್ಲಿ ನಾಲ್ಕು ಎಳೆ ಹುಲ್ಲು ಉಳಿದಿತ್ತು ಅಂತ ಗ್ರಿಗ್ಸ್ ಅವಳನ್ನು ಮಂಡಿಯೂರಿಸಿ, ಅದನ್ನು ಹಲ್ಲಲ್ಲಿ ಕೀಳಿಸಿದ. ಅವಳ ಅರ್ಧ ವಯಸ್ಸಿನ ಹುಡುಗಿಯರು ನೋಡುತ್ತಿದ್ದರು. ಮಿಂಬಾ ಕಿತ್ತಳು, ಉಗಿದಳು, ಮನೆಗೆ ಹೋದಳು. ಆ ರಾತ್ರಿ ಅವಳಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

ಹಿಂದಿನ ತುಂಡು ನೆಲದಲ್ಲಿ ಬೆಂಡೆ ಬಲಿತು ನಾರಾಯಿತು. ಕ್ವಾಕೊ ಬಂದು ಏರಿಯ ಮೇಲೆ ಕಾದು ಕಾದು, ಕತ್ತಲಾಗುವ ಮುಂಚೆ ವಾಪಸು ಹೋಗಬೇಕಾದ್ದರಿಂದ ಹೋಗಿಬಿಡುತ್ತಿದ್ದ. ಗದ್ದೆಯ ನಡುವಿನಿಂದ ಮಿಂಬಾಳಿಗೆ ಅವನ ದೋಣಿ ತಿರುಗುವುದು ಕಾಣುತ್ತಿತ್ತು.

"ಮೀನು ಏರಿ ಮೇಲೆ ಮಡಗಿವ್ನಿ ಕಣೇ" ಅಂತ ಕೂಗುತ್ತಿದ್ದ.

"ಮೋರೆನೂ ಮಡಗಿ ಹೋಗು" ಅಂತ ಇವಳು ಕೂಗುತ್ತಿದ್ದಳು.

ಏರಿ ದಿನ ಹತ್ತಿರ ಬಂತು. ಕಡ್ಜೋ ತಾತನಿಗೆ ಆ ಚಳಿಗಾಲದಲ್ಲಿ ಬಂದ ಕೆಮ್ಮು ಬಿಟ್ಟಿರಲಿಲ್ಲ. ಎರಡು ಮಾತಿಗೆ ಒಂದು ಸಲ ಕೆಮ್ಮು. ಅಜ್ಜನ ಚರಿತ್ರೆ ಕೆಮ್ಮಿನ ಮಧ್ಯೆ ಕೇಳಲು ಎಡ್ಮಂಡನಿಗೆ ಇಷ್ಟವಿಲ್ಲ. ಬೇರೆ ಯಾರಿಗಾದರೂ ಕಲಿಸು ಅಂದ. ತಾತ ಯೋಚನೆಯನ್ನೂ ಮಾಡದೆ ಮಿಂಬಾಳ ಹೆಸರು ಹೇಳಿದ.

ಭಾನುವಾರ ಅವಳು ತಾತನ ಗುಡಿಸಲ ಬಾಗಿಲಲ್ಲಿ ಕೂತಳು. "ಹೇಳು ತಾತ. ಮೊಸಳೆ ಎಲ್ಲಿಗಂಟ ಓಡೋಯ್ತು?"

"ಮೊಸಳೆ ನಿಂಗೇ ಬತ್ತದೆ. ನಾನ್ ಹೇಳೋದು ಬೇರೆ. ಆ ಏರಿ ಕಟ್ಟೋವಾಗ ನಾನು ಚಿಕ್ಕೋನು, ಬುಟ್ಟಿ ಹೊತ್ತಿವ್ನಿ. ನಿನ್ ಅಜ್ಜಿ ಕ್ವಾಶೇಬಾನ ನೋಡಿವ್ನಿ" ಅಂದ ತಾತ. "ಪಾಲು ಅನ್ನೋದು ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ದೊರೆ ಕೊಟ್ಟಿದ್ದಾ?"

ಕೆಮ್ಮುತ್ತಾ, ನಿಲ್ಲಿಸುತ್ತಾ ಎಲ್ಲ ಹೇಳಿದ. ಮುಗಿದ ಮೇಲೆ ಮಿಂಬಾ ಕೇಳಿದಳು.

"ಇದ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಪಾಲು ಸರಿಯಾಗಿತ್ತಲ್ಲ, ಹೇಳಿ ಏನಾಗ್ಬೇಕಿತ್ತು? ಈಗ ಹೇಳ್ಬೇಕು. ಆದ್ರೆ ಬೆನ್ನು ನಿಂದು ಕಣವ್ವ. ಯೋಚ್ನೆ ಮಾಡು."

"ಬೆನ್ನು ಹೆಂಗೂ ಹೋಯ್ತಾ ಐತಲ್ಲ ತಾತ. ದಿನಾ ಚೂರ್ಚೂರು ಹೋಗೋ ಬದ್ಲು ಒಂದೇ ಸಲ ಹೋಗ್ಲಿ ಬುಡು."

ಆ ಸಂಜೆ ಕುಟ್ಟುವ ಅಂಗಳದಲ್ಲಿ ಜನ ಸೇರಿತು. ಮಿಂಬಾ ತಾನು ಏನು ಹೇಳಲಿದ್ದೇನೆ ಅಂತ ಹೇಳಿದಳು. ಎಲ್ಲರೂ ಸೈ ಅಂದರು. "ಇನ್ನೊಂದು. ನಾನು ಲೋಟ ಮುಟ್ಟೋಗಂಟ ಯಾರೂ ರಮ್ಮು ಕುಡೀಬಾರ್ದು" ಅಂದಳು. ಅಲ್ಲಿಗೆ ಗಂಡಸರ ಉತ್ಸಾಹ ಇಳಿದುಹೋಯಿತು. ಚಾವಟಿಗಾದರೂ ಮೈ ಒಡ್ಡುತ್ತೇವೆ, ವರ್ಷಕ್ಕೆ ಒಂದೇ ಒಂದು ಲೋಟ, ಅದನ್ನು ಕೈಯಲ್ಲಿ ಹಿಡಿದು ಕುಡಿಯದೆ ನಿಲ್ಲುವುದು ಅಂದರೆ ಹೇಗೆ ಅಂತ ಗೊಣಗಿದರು.

"ಅರ್ಧ ಕುಡ್ದು ಅರ್ಧ ಬುಟ್ರೆ ಆಗಲ್ವಾ?" ಅಂತ ಒಬ್ಬ ಚೌಕಾಸಿ ಮಾಡಿದ.

"ನಿನ್ ಹೆಂಡ್ತಿ ಪಾಲು ಅರ್ಧ ನೀನು ಮಾಡ್ತೀಯಾ? ಹಂಗಾರೆ ಕುಡಿ" ಅಂದಳು ಮಿಂಬಾ. ಹೆಂಗಸರೆಲ್ಲ ಒನಕೆ ಎತ್ತಿ ಹಿಡಿದು ಆ ಮಾತಿಗೆ ಹೂಂಗುಟ್ಟಿದರು. ಗಂಡಸರು ಒಪ್ಪಿದರು.

ಏರಿ ದಿನ ಬಿಸಿಲು ಚುರುಕಾಗಿತ್ತು. ಮೇಜಿನ ಒಂದು ತುದಿಗೆ ಎಡ್ಮಂಡ್. ಪಕ್ಕದಲ್ಲಿ ಕರ್ನಲ್ ಬ್ಯಾಸ್ಕಮ್, ಹೊಳೆಯ ಕಡೆಯ ಬಿಳಿಯರಲ್ಲಿ ಅವನಷ್ಟು ಉದ್ದದವನು ಇನ್ನೊಬ್ಬನಿರಲಿಲ್ಲ. ಇನ್ನೊಂದು ತುದಿಗೆ ಹೆಪ್ಸಿ ಅತ್ತೆಮ್ಮ. ಆಕೆ ಜೋಸೈಯಾ ದೊರೆಯ ಮಗಳು, ಎಡ್ಮಂಡನ ಸೋದರತ್ತೆ. ಎಪ್ಪತ್ತರ ಮೇಲಿನ ಮುದುಕಿ, ಮದುವೆಯಿಲ್ಲ, ಕಿವಿ ಮಂದ, ಸಿಹಿ ವೈನು ಅಂದರೆ ಪ್ರಾಣ. ಜಗಲಿಯ ಮೇಲೆ ಜೋಸೈಯಾ ದೊರೆಯ ಚಿತ್ರಪಟ ಇಟ್ಟಿದ್ದರು. ಚಿತ್ರದಲ್ಲಿ ಅವನ ಕೈ ಬೆಳ್ಳಗೆ, ಉಗುರಿನಲ್ಲಿ ಮಣ್ಣಿಲ್ಲ. ಪಕ್ಕಕ್ಕೆ ಲಂಡನ್ ಮೇಡಮ್ಮನ್ನು ನಿಲ್ಲಿಸಿ ನೀಲಿ ಟೇಪು ಕಟ್ಟಿದ್ದರು. ಅಜ್ಜ ಏರಿ ಕಟ್ಟಿದ, ಮೊಮ್ಮಗ ಕೋಲು ತಂದ ಅಂತ ನಾಲ್ಕು ಜನಕ್ಕೆ ಕಾಣಲಿ ಅಂತ.

ರಮ್ಮಿನ, ಕಾಕಂಬಿ ನೀರಿನ ಲೋಟಗಳು ಸಾಲಿನಲ್ಲಿ ಕೈಯಿಂದ ಕೈಗೆ ಬಂದವು. ಮಿಂಬಾ ತನ್ನ ಲೋಟವನ್ನು ನಿಂತಲ್ಲೇ ಕೆಳಗಿಟ್ಟು ಮುಂದೆ ಬಂದಳು. ಶುರು ಮಾಡಿದಳು. ಮೊಸಳೆ ಓಡಿಸಿದಳು, ನೀರು ನಿಲ್ಲಿಸಿದಳು. ನೆಂಟರು ತಲೆದೂಗಿದರು. ಎಡ್ಮಂಡ್ ಕಾಲ ಮೇಲೆ ಕಾಲು ಹಾಕಿದ.

"ಅವ್ರಿಲ್ದಿದ್ರೆ ನಾವೆಲ್ಲಿ ಬುದ್ಧಿ" ಅಂದು ಮಿಂಬಾ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಕಡ್ಜೋ ತಾತುಂಗೆ ವಯಸ್ಸಾಯ್ತು, ಚರಿತ್ರೆ ಇಲ್ಲಿಗೇ ನಿಲ್ಲಿಸ್ಬುಡ್ತಿದ್ದ. ಮುಂದ್ಲದು ಇನ್ನೂ ಚೆಂದಾಗೈತೆ. ದೊಡ್ಡ ದೊರೆ ಮಾತಿಗೆ ಎಂಥ ಮನುಷ್ಯ ಅಂತ ಅದ್ರಲ್ಲೇ ಗೊತ್ತಾಗೋದು. ಹೇಳ್ಲಾ ಬುದ್ಧಿ?"

ಅಜ್ಜನ ಹೊಗಳಿಕೆಯನ್ನು ಬೇಡ ಅನ್ನುವುದು ಹೇಗೆ? "ಹೇಳು" ಅಂದ ಎಡ್ಮಂಡ್.

"ಏರಿ ಕಟ್ಟೋವಾಗ ಹೊತ್ತು ಹುಟ್ಟಿದಾಗಿಂದ ಮುಳುಗೋಗಂಟ ಕೆಲ್ಸ ಬುದ್ಧಿ. ಅಳ್ತೆ ಇಲ್ಲ, ಕೊನೆ ಇಲ್ಲ. ಬುಟ್ಟಿ ಹೊತ್ಕೊಂಡು ನಿಂತಂಗೇ ಸತ್ತೋಗೋರು. ಸತ್ತೋರ್ನ ಅಲ್ಲೇ ಹಾಕಿ ಮೇಲೆ ಮಣ್ಣು ಸುರೀತಿದ್ರು. ನಿಮ್ಮ ಏರಿ ಯಾಕೆ ಅಷ್ಟು ಗಟ್ಟಿ ಅಂತ ಕೇಳ್ತೀರಲ್ಲ, ಒಳಗೆ ನಮ್ಮೋರವ್ರೆ."

ಮೇಜಿನ ಮೇಲೆ ಚಾಕು ಚಮಚದ ಸದ್ದು ನಿಂತಿತು. ಮಿಂಬಾ ಅದೇ ನಗುಮುಖದಲ್ಲಿ ಮುಂದುವರಿಸಿದಳು.

"ಒಂದಿನ ಬೆಳಗ್ಗೆ ದೊಡ್ಡ ದೊರೆ ಎದ್ದು ನೋಡ್ತಾರೆ, ಕೇರಿ ಖಾಲಿ. ಗಡಿಗೆ ಇಲ್ಲ, ಕೋಳಿ ಇಲ್ಲ. ಎಲ್ರೂ ಜೌಗಿನೊಳಕ್ಕೆ ಹೋಗವ್ರೆ. ಅವತ್ತೇ ಮಳೆ. ಏರಿ ಬಿರುಕು ಬುಡ್ತು. ದೊಡ್ಡ ದೊರೆ ಒಬ್ರೇ. ಒಂದು ಸನಿಕೆ. ಸೊಂಟ್ಗಂಟ ನೀರು. ಒಬ್ರೇ ನಿಂತು ಏರಿ ಕಟ್ಟುದ್ರು ಅಂತೀವಲ್ಲ, ಅದು ಸುಳ್ಳಲ್ಲ. ಅವತ್ತೊಂದಿನ ಕಟ್ಟುದ್ರು."

"ಅಪ್ಪ ಅಳ್ತಿದ್ರು" ಅಂದಳು ಹೆಪ್ಸಿ ಅತ್ತೆಮ್ಮ. ಕಿವಿ ಮಂದವಾದವರ ಹಾಗೆ ಜೋರಾಗಿಯೇ ಅಂದಳು. "ನಾನು ಕಿಟಕೀಲಿ ನೋಡ್ತಿದ್ದೆ. ಸನಿಕೆ ಹಿಡಿಯೋಕೂ ಬರ್ತಿರಲಿಲ್ಲ ಅವರಿಗೆ. ಅಮ್ಮ ಒಣ ಕಾಲುಚೀಲ ಹಿಡ್ಕೊಂಡು ಹೊರಗೆ ನಿಂತಿದ್ಲು."

ನೆಂಟರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಎಡ್ಮಂಡ್ ಅತ್ತೆಯ ಲೋಟವನ್ನು ದೂರ ಸರಿಸಿದ. ಅವಳು ಮತ್ತೆ ಹತ್ತಿರ ಎಳೆದುಕೊಂಡಳು.

"ಅಮ್ಮೋರು ಹೇಳಿದ್ದು ಸರಿ" ಅಂದಳು ಮಿಂಬಾ. "ದೊಡ್ಡ ದೊರೆ ಜೌಗಿನ ಅಂಚಿಗೆ ಬಂದು ಕೂಗುದ್ರು, ಏನು ಬೇಕು ನಿಮ್ಗೆ ಅಂತ. ನಮ್ಮಜ್ಜಿ ಕ್ವಾಶೇಬಾ ಆಚೆಗೆ ಬಂದ್ಲು. ಅನ್ನ ಕೇಳ್ಲಿಲ್ಲ, ಅಂಗಿ ಕೇಳ್ಲಿಲ್ಲ. ಒಂದು ಕೋಲು ಕೇಳುದ್ಲು. ಕೋಲು ಎಷ್ಟಂತದೋ ಅಷ್ಟು ಕೆಲ್ಸ, ಮಿಕ್ಕಿದ ಹೊತ್ತು ನಮ್ದು ಅಂದ್ಲು. ಎಷ್ಟುದ್ದದ ಕೋಲು ಅಂದ್ರು. ಒಂದು ಎಳೇ ಮರಕ್ಕೆ ಬೆನ್ನು ಕೊಟ್ಟು ನಿಂತು ಹಿಂಗೆ ಕೈ ಎತ್ತುದ್ಲು. ಇಲ್ಲಿಗೆ ಕಡಿ ಅಂದ್ಲು. ದೊಡ್ಡ ದೊರೆ ಸ್ವಂತ ಕೈಲಿ ಕೊಡಲಿ ಹಿಡ್ದು ಕಡುದ್ರು. ಲಡ್ಲೋಗಳು ಇರೋಗಂಟ ಇದೇ ಕೋಲು ಅಂತ ಮಾತು ಕೊಟ್ರು. ಆ ಕೋಲು ನೋಡೇ ಹೊಳೆ ಮಂದಿಯೆಲ್ಲ ಕೋಲು ಕಡ್ಕೊಂಡ್ರು. ಕರ್ನಲ್ ಬುದ್ಧಿಯೋರ ಗದ್ದೇಲಿ ಇವತ್ತೂ ಅಷ್ಟೇ ಉದ್ದ ಐತೆ. ಸುಳ್ಳಾ ಬುದ್ಧಿ?"

"ಅಷ್ಟೇ ಉದ್ದ" ಅಂದ ಕರ್ನಲ್.

ಮಿಂಬಾ ಜಗಲಿಯ ಹತ್ತಿರ ನಡೆದಳು. ಗ್ರಿಗ್ಸ್ ಅಡ್ಡ ಬರುವ ಮುಂಚೆ ಲಂಡನ್ ಮೇಡಮ್ಮನ್ನು ಎತ್ತಿ ತಂದು ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದಳು. ಅದಕ್ಕೆ ಬೆನ್ನು ಕೊಟ್ಟಳು. ಕೈ ಎತ್ತಿದಳು. ಅವಳ ಬೆರಳ ತುದಿಯಿಂದಾಚೆಗೆ ಕೋಲು ಇನ್ನೂ ಒಂದು ಮೊಳ ಮೇಲಕ್ಕೆ ಹೋಗಿತ್ತು.

"ನಮ್ಮಜ್ಜಿದೇ ಅಚ್ಚು ನಾನು ಅಂತಾನೆ ಕಡ್ಜೋ ತಾತ. ಅವ್ಳು ಮಣ್ಣಾಗಿ ಎಷ್ಟೋ ಕಾಲ ಆಯ್ತು. ಮಣ್ಣೊಳಗೇ ಬೆಳೀತಾವ್ಳೆ ಅಂತ ನಮ್ಗೆ ಈ ವರ್ಷವೇ ಗೊತ್ತಾಗಿದ್ದು" ಅಂದಳು.

ಕರ್ನಲನ ಬಾಯಲ್ಲಿದ್ದ ವೈನು ಮೂಗಿನಿಂದ ಬಂತು. ಕುಡಿದ ಹುಮ್ಮಸ್ಸಿಗೆ ಎದ್ದು, ನಾನು ಮುಟ್ಟುತ್ತೇನೆ ನೋಡಿ ಅಂತ ಕೋಲಿನ ಪಕ್ಕ ನಿಂತು ಕೈ ಎತ್ತಿದ. ತುದಿ ಸಿಗಲಿಲ್ಲ. ತುದಿಗಾಲಲ್ಲಿ ನಿಂತು ಎಗರಿದ. ಅವನ ಕೃತಕ ಕೂದಲಿನ ಟೊಪ್ಪಿಗೆ ಜಾರಿ ಹುಲ್ಲಿಗೆ ಬಿತ್ತು, ಬೇಟೆನಾಯಿ ಅದನ್ನು ಕಚ್ಚಿಕೊಂಡು ಓಡಿತು. ಮೇಜಿನವರೂ ನಕ್ಕರು, ಸಾಲಿನವರೂ ನಕ್ಕರು. ಅಂಥ ನಗು ಆ ಹುಲ್ಲಿನ ಮೇಲೆ ಹಿಂದೆ ಆದದ್ದಿಲ್ಲ.

ನಗದಿದ್ದವನು ಎಡ್ಮಂಡ್ ಒಬ್ಬನೇ. "ಸಾಕು. ಜೈಕಾರ ಹಾಕಿ" ಅಂದ.

"ಹಾಕಲ್ಲ ಬುದ್ಧಿ" ಅಂದಳು ಮಿಂಬಾ.

ಅಷ್ಟೇ ಮಾತು. ಮೂರು ತಲೆಮಾರಿನಲ್ಲಿ ಆ ಮನೆಯ ಮುಂದೆ ಯಾರೂ ಆಡದ ಮಾತು.

ಅವಳ ಹಿಂದೆ ಸಾಲಿನಲ್ಲಿ ಒಬ್ಬನು ಬಗ್ಗಿ ತನ್ನ ಲೋಟವನ್ನು ಹುಲ್ಲಿನ ಮೇಲೆ ಇಟ್ಟ. ಪಕ್ಕದವಳು ಇಟ್ಟಳು. ಆಮೇಲೆ ಅದರ ಪಕ್ಕದವನು. ಲೋಟ ನೆಲ ಮುಟ್ಟುವ ಸದ್ದು ಸಾಲಿನ ತುದಿಯವರೆಗೆ ಹೋಯಿತು. ಕೊನೆಗೆ ಉಳಿದವನು ಸ್ಟೂಲಿನ ಮೇಲೆ ಕೂತಿದ್ದ ಕಡ್ಜೋ ತಾತ. ಲೋಟವನ್ನು ಮೂಗಿನ ಹತ್ತಿರ ತಂದು ಒಂದು ಸಲ ಮೂಸಿದ. ಇನ್ನೊಂದು ಸಲ ಮೂಸಿದ. ಕಣ್ಣು ಮುಚ್ಚಿಕೊಂಡು ಕೆಳಗಿಟ್ಟ. ಗ್ರಿಗ್ಸ್ ಸೊಂಟದಿಂದ ಚಾವಟಿ ಬಿಚ್ಚಿದ. ಸಾಲು ಅಲ್ಲಾಡಲಿಲ್ಲ.

"ಎಡ್ಮಂಡ್" ಅಂದ ಕರ್ನಲ್. ಅವನ ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು, ಮುಖದಲ್ಲಿ ಈಗ ನಗುವಿರಲಿಲ್ಲ. "ಇವಳ ಗಂಡ ನನ್ನ ಆಳು. ಇವತ್ತು ಇಲ್ಲಿ ನಡೆದದ್ದು ಸಂಜೆ ಒಳಗೆ ಹೊಳೆ ದಾಟುತ್ತೆ. ನೀನು ಕೋಲು ಉದ್ದ ಮಾಡಿದೆ ಅಂತ ನನ್ನವರು ನಾಳೆ ಜೌಗಿಗೆ ಇಳಿದರೆ ನನ್ನ ಬತ್ತಕ್ಕೆ ನೀರು ಬಿಡೋನು ಯಾರು? ನೀನು ಬರ್ತೀಯಾ ಸನಿಕೆ ಹಿಡಿದು?"

"ಹೌದಪ್ಪ, ನಮ್ಮನ್ಯಾಕೆ ಸಿಕ್ಕಿಸ್ತೀಯ" ಅಂದರು ಮೇಜಿನ ಸುತ್ತ ಕೂತಿದ್ದ ಉಳಿದ ದೊರೆಗಳು.

ಅವರಿಗೆ ಕರುಣೆ ಬಂತು ಅಂತ ಯಾರೂ ತಿಳಿಯಬಾರದು. ಅವರಿಗೆ ಬಂದದ್ದು ಹೆದರಿಕೆ. ಸಾಲಿನಲ್ಲಿ ಲೋಟಗಳು ನೆಲಕ್ಕಿಳಿದದ್ದನ್ನು ಕಂಡು, ನಾಳೆ ತಮ್ಮ ಗದ್ದೆಗಳಲ್ಲಿ ಗುದ್ದಲಿಗಳೂ ಹೀಗೇ ನೆಲಕ್ಕಿಳಿಯುವುದು ಅವರ ಕಣ್ಣಿಗೆ ಕಂಡಿತು. ನಮಗೆ ಅವರ ಕರುಣೆ ಬೇಕಾಗಿರಲೂ ಇಲ್ಲ. ಅದನ್ನು ನಂಬಿ ಕೂತವರು ಏರಿಯೊಳಗೆ ಇದ್ದಾರೆ.

ಎಡ್ಮಂಡ್ ಒಂದು ಸಲ ಅಜ್ಜನ ಚಿತ್ರ ನೋಡಿದ, ಒಂದು ಸಲ ನೆಂಟರನ್ನು ನೋಡಿದ. ಆಮೇಲೆ ನಕ್ಕ. ತಡವಾಗಿ ಬಂದ ನಗು, ಮುಖಕ್ಕೆ ಸರಿಯಾಗಿ ಕೂರಲಿಲ್ಲ. "ಅಜ್ಜ ಕೊಟ್ಟ ಮಾತು ನನ್ನ ಮಾತು. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ. ಬಡಗಿಯನ್ನು ಕರೀರಿ" ಅಂದ.

ಬಡಗಿ ಗರಗಸ ತಂದ. ಮಿಂಬಾ ಎತ್ತಿದ ಕೈ ಇಳಿಸಿರಲಿಲ್ಲ. ಅವಳ ಬೆರಳ ತುದಿಗೆ ಗುರುತು ಹಾಕಿ, ಕೋಲು ಅಲುಗದಂತೆ ಇಬ್ಬರು ಹಿಡಿದು, ಅವನು ಕೊಯ್ಯತೊಡಗಿದ. ಲಂಡನ್ನಿನ ಮರ ಗಟ್ಟಿ, ಬೇಗ ಮಣಿಯಲಿಲ್ಲ. ಮರದ ಪುಡಿ ಅವಳ ಕಣ್ಣಿಗೆ, ಮೂಗಿಗೆ ಬಿತ್ತು. ತೋಳು ಸೋತು ನಡುಗುತ್ತಿತ್ತು. ಗುರುತು ಹಾಕಿದ್ದರೂ, ಕೊಯ್ದು ಮುಗಿಯುವ ಮುಂಚೆ ಕೈ ಇಳಿದರೆ ಅಳತೆಯೇ ಸುಳ್ಳು ಅಂದುಬಿಟ್ಟಾರು ಅನ್ನುವ ಅನುಮಾನ ಅವಳಿಗೆ. ಇಳಿಸಲಿಲ್ಲ. ಹಿತ್ತಾಳೆಯ ತುಂಡು ಹುಲ್ಲಿಗೆ ಬಿದ್ದಾಗ ಹೆಪ್ಸಿ ಅತ್ತೆಮ್ಮ ಚಪ್ಪಾಳೆ ತಟ್ಟಿದಳು. ಯಾಕೆ ಅಂತ ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಆಗ ಮಿಂಬಾ ಸಾಲಿಗೆ ಮರಳಿ, ಬಗ್ಗಿ ತನ್ನ ಲೋಟ ತೆಗೆದುಕೊಂಡಳು. ಸಾಲಿಗೆ ಸಾಲೇ ಬಗ್ಗಿತು. ರಮ್ಮು ಬಿಸಿಲಿಗೆ ಕಾದು ಬೆಚ್ಚಗಾಗಿತ್ತು. ಇಷ್ಟು ಒಳ್ಳೆಯ ರಮ್ಮು ಹುಟ್ಟಿದಾಗಿನಿಂದ ಕುಡಿದಿಲ್ಲ ಅಂತ ಗಂಡಸರೆಲ್ಲ ಹೇಳಿದರು. ಜೈಕಾರವನ್ನೂ ಹಾಕಿದರು. ಯಾರ ಹೆಸರಿಗೆ ಅನ್ನುವುದು ಮಾತ್ರ ಮೇಜಿನವರಿಗೆ ತಿಳಿಯದ ಹಾಗೆ ಹಾಕಿದರು.

ತಲೆವಸ್ತ್ರ ಮಿಂಬಾಳಿಗೆ ಸಿಗಲಿಲ್ಲ. ಸೋಮವಾರ ಗ್ರಿಗ್ಸ್ ಏನೋ ನೆಪ ಹುಡುಕಿ ಬೆನ್ನಿಗೆ ಐದು ಏಟು ಹಾಕಿದ. ಅದು ಅವಳು ಕಾದಿದ್ದದ್ದೇ. ಮರುವರ್ಷದಿಂದ ಚರಿತ್ರೆ ಹೇಳುವುದು ಆಳುಗಳ ಕೈತಪ್ಪಿ, ಎಡ್ಮಂಡ್ ತಾನೇ ಬರೆದು ತಾನೇ ಓದತೊಡಗಿದ. ಅದರಲ್ಲಿ ಅಜ್ಜ ಅಳುವುದಿಲ್ಲ, ಕೇರಿ ಖಾಲಿಯಾಗುವುದಿಲ್ಲ, ಕೋಲನ್ನು ಲಡ್ಲೋಗಳು ದೊಡ್ಡ ಮನಸ್ಸು ಮಾಡಿ ಗಿಡ್ಡ ಮಾಡುತ್ತಾರೆ. ಓದಿಕೊಳ್ಳಲಿ. ನಮಗೆ ಬಾಯಿ ನೋಯುವುದು ತಪ್ಪಿತು.

ಇದನ್ನು ಬಿಡುಗಡೆ ಅಂತ ನಾನು ಹೇಳುವುದಿಲ್ಲ. ಬಿಡುಗಡೆ ಬಹಳ ದೂರ ಇತ್ತು. ಮಾರಿದ ಮಗ ಮರಳಿ ಬರಲಿಲ್ಲ, ಗಂಡನ ಮೇಲೆ ಒಬ್ಬನ ಹಕ್ಕು, ಹೆಂಡತಿಯ ಮೇಲೆ ಇನ್ನೊಬ್ಬನ ಹಕ್ಕು ಹಾಗೇ ಇತ್ತು. ಮರಳಿ ಬಂದದ್ದು ದಿನದ ಒಂದು ಹೋಳು.

ಏಟು ತಿಂದ ಆ ಸೋಮವಾರವೇ ಮಿಂಬಾ ಹೊತ್ತು ನೆತ್ತಿ ದಾಟುವಷ್ಟರಲ್ಲಿ ಪಾಲು ಮುಗಿಸಿ ಏರಿಗೆ ಬಂದಳು. ಕ್ವಾಕೊ ಆಗಲೇ ದೋಣಿ ಕಟ್ಟಿ ನಿಂತಿದ್ದ. ಕರ್ನಲ್‌ನ ಕೂದಲಿನ ಕಥೆ ಅವನಿಗೆ ಆಗಲೇ ಮುಟ್ಟಿತ್ತು, ಆದರೂ ಅವಳ ಬಾಯಿಂದ ಇನ್ನೊಮ್ಮೆ ಕೇಳಿ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕ. ಆಮೇಲೆ ಅವಳ ಬೆನ್ನು ನೋಡಿದ. ನೀರಲ್ಲಿ ಬಟ್ಟೆ ಅದ್ದಿ ತಂದು ಒತ್ತಿದ.

"ಬಲೆ ಬೀಸ್ಲಾ? ಇಲ್ಲ ಬೆಂಡೆ ತಾವ್ಕೆ ಹೋಗಣಾ? ಇನ್ನೂ ಎಷ್ಟೊತ್ತೈತೆ ನೋಡು. ಏನ್ ಮಾಡಣ ಹೇಳು" ಅಂದ.

"ಏನೂ ಮಾಡದು ಬ್ಯಾಡ" ಅಂದಳು ಮಿಂಬಾ.

ಏರಿಯ ಹುಲ್ಲಿನ ಮೇಲೆ, ದೊಡ್ಡ ಮನೆಯ ಜಗಲಿಗೆ ಎದುರಾಗಿ, ಉದ್ದಕ್ಕೆ ಬೋರಲು ಮಲಗಿದಳು. ಕ್ವಾಕೊ ಪಕ್ಕದಲ್ಲಿ ಕಾಲು ಚಾಚಿದ. ಸ್ವಲ್ಪ ಹೊತ್ತಿಗೆ ಗ್ರಿಗ್ಸನ ಕುದುರೆಯ ಸದ್ದಾಯಿತು. ಕುದುರೆ ಅವಳ ತಲೆಯ ಹತ್ತಿರ ಬಂದು ನಿಂತಿತು. ಅದರ ಬಾಯಿಯ ನೊರೆಯ ವಾಸನೆ ಅವಳಿಗೆ ಬರುತ್ತಿತ್ತು. ಕ್ವಾಕೊ ಏಳಲು ಹೋದ. ಮಿಂಬಾ ಅವನ ಮಣಿಕಟ್ಟು ಹಿಡಿದು ಕೂರಿಸಿದಳು.

"ಮಟಮಟ ಮಧ್ಯಾಹ್ನ ಬಿದ್ದುಕೊಂಡಿದ್ದೀಯಲ್ಲ, ಕೆಲಸ ಇಲ್ವಾ?" ಅಂದ ಗ್ರಿಗ್ಸ್.

"ಮುಗೀತು" ಅಂದಳು. ಕಣ್ಣನ್ನೂ ತೆರೆಯಲಿಲ್ಲ.